ಹಳೆ ಲೇತ್ ಸರಿಮಾಡೋಣ: ಬಿಚ್ಚುವ ಮೊದಲು ಅಳೆಯಿರಿ

ಹಳೆಯ ಲೇತ್, ಅಂದರೆ ಲೋಹದ ತುಂಡನ್ನು ತಿರುಗಿಸಿ ಕೊರೆಯುವ ಯಂತ್ರ, ಮನೆಗೆ ಬಂದ ದಿನ ಕೈ ಸುಮ್ಮನಿರುವುದಿಲ್ಲ. ಸ್ಪ್ಯಾನರ್ ಹಿಡಿದು ಎಲ್ಲ ಬಿಚ್ಚಿಬಿಡೋಣ, ತೊಳೆದು ಹೊಸ ಬಣ್ಣ ಹೊಡೆಯೋಣ ಅನ್ನಿಸುತ್ತದೆ. ನನ್ನ ಮೊದಲ ಲೇತ್‌ಗೆ ನಾನು ಮಾಡಿದ್ದೂ ಅದನ್ನೇ. ಎಲ್ಲ ಜೋಡಿಸಿ ಮೊದಲ ಕಟ್ ತೆಗೆದರೆ ಜಾಬ್ (ಕೊರೆಯುವ ತುಂಡು) ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಬಂತು. ಅದು ಮೊದಲೇ ಹಾಗಿತ್ತೋ, ನಾನು ಬಿಚ್ಚಿದ್ದರಿಂದ ಹಾಗಾಯಿತೋ ತಿಳಿಯಲಿಲ್ಲ. ಬಿಚ್ಚುವ ಮೊದಲು ಒಂದೇ ಒಂದು ಅಳತೆಯನ್ನೂ ಬರೆದಿಟ್ಟಿರಲಿಲ್ಲ. ಆ ತಪ್ಪು ಹುಡುಕುವುದಕ್ಕೇ ತಿಂಗಳುಗಟ್ಟಲೆ ಹೋಯಿತು.

ಹಾಗಾಗಿ ಈ ಲೇಖನದ ಉದ್ದಕ್ಕೂ ನಾನು ಹೇಳುವುದು ಒಂದೇ ಮಾತು. ಮೊದಲು ಅಳೆಯಿರಿ, ಆಮೇಲೆ ಬಿಚ್ಚಿ. ಚೆನ್ನಾಗಿರುವ ಭಾಗವನ್ನು ಚೆನ್ನಾಗಿರಲು ಬಿಡಿ. ನಾನು ನೋಡಿದ ಹಳೆಯ ಲೇತ್‌ಗಳಲ್ಲಿ ಹೆಚ್ಚಿನವಕ್ಕೆ ಇದ್ದ ಕಾಯಿಲೆ ನಾಲ್ಕೇ: ಕೊಳೆ, ಒಣಗಿದ ಎಣ್ಣೆ, ಸಡಿಲವಾದ ಜಿಬ್‌ಗಳು (ಜಾರುವ ಭಾಗಗಳ ಸಂದಿಯ ಪಟ್ಟಿಗಳು), ಸೊಟ್ಟಗೆ ನಿಂತ ಕಾಲುಗಳು. ನಾಲ್ಕನ್ನೂ ಹೊಸಬರೇ ಸರಿಮಾಡಬಹುದು.

ಕೊಳ್ಳುವ ಮೊದಲು ಒಂದು ಗಂಟೆ

ನೋಡಲು ಹೋಗುವಾಗ ಒಂದು ಡಯಲ್ ಗೇಜ್ (ಸಣ್ಣ ಅಲ್ಲಾಟವನ್ನೂ ಮುಳ್ಳಿನಲ್ಲಿ ತೋರಿಸುವ ಸಾಧನ), ಅದರ ಮ್ಯಾಗ್ನೆಟ್ ಸ್ಟ್ಯಾಂಡ್, ಟಾರ್ಚ್, ಒಂದು ಮರದ ತುಂಡು, ಬಟ್ಟೆ, ಸ್ವಲ್ಪ ಎಣ್ಣೆ ತೆಗೆದುಕೊಂಡು ಹೋಗಿ. ಬಣ್ಣ ನೋಡಿ ಮರುಳಾಗಬೇಡಿ. ಹೊಸ ಬಣ್ಣ ಕಂಡರೆ ಇನ್ನೂ ಹುಷಾರಾಗಿ ನೋಡಿ. ಬೆಡ್ (ಉಳಿದ ಭಾಗಗಳು ಕೂತು ಜಾರುವ ಉದ್ದನೆ ಬುಡ) ಮೇಲೂ ಬಣ್ಣದ ಹನಿ ಬಿದ್ದಿದ್ದರೆ ಮಾರುವವರು ಯಂತ್ರವನ್ನು ಸರಿಮಾಡಿಲ್ಲ, ಮುಚ್ಚಿದ್ದಾರೆ ಅಂತ ಅರ್ಥ.

ಬೆಡ್‌ನಿಂದ ಶುರುಮಾಡಿ. ಲೇತ್‌ನಲ್ಲಿ ಹೆಚ್ಚಿನ ಕೆಲಸ ಜಾಬ್ ಹಿಡಿಯುವ ಚಕ್ ಹತ್ತಿರವೇ ನಡೆಯುತ್ತದೆ. ಹಾಗಾಗಿ ಸವೆತವೂ ಅಲ್ಲೇ ಜಾಸ್ತಿ. ಬೆಡ್ ಒರೆಸಿ, ಸ್ಯಾಡಲ್ (ಬೆಡ್ ಮೇಲೆ ಕೂತು ಜಾರುವ ಭಾಗ) ಓಡಾಡುವ ಜಾಗ ಮುಗಿದು ಓಡಾಡದ ಜಾಗ ಶುರುವಾಗುವ ಕಡೆ ಉಗುರು ಎಳೆಯಿರಿ. ಉಗುರಿಗೆ ಚಿಕ್ಕ ಮೆಟ್ಟಿಲಿನ ಹಾಗೆ ತಗುಲಿದರೆ ಸವೆತವಿದೆ. ಇನ್ನೊಂದು ಪರೀಕ್ಷೆ ಇದಕ್ಕಿಂತ ಗಟ್ಟಿ. ಕ್ಯಾರೇಜನ್ನು (ಸ್ಯಾಡಲ್ ಮತ್ತು ಅದರ ಜೊತೆ ಟೂಲ್ ಹೊತ್ತು ಓಡುವ ಭಾಗಗಳು) ಚಕ್ ಹತ್ತಿರ ತಂದು, ಅದರ ಲಾಕ್ ಬೋಲ್ಟನ್ನು ಸ್ವಲ್ಪ ಬಿಗಿ ಮಾಡಿ. ಓಡುವಾಗ ಕೈಗೆ ಸ್ವಲ್ಪ ತಡೆ ಅನ್ನಿಸುವಷ್ಟು. ಆಮೇಲೆ ನಿಧಾನಕ್ಕೆ ಎದುರು ತುದಿಯ ಟೇಲ್‌ಸ್ಟಾಕ್ ಕಡೆ ಓಡಿಸಿ. ಕೊನೆಯವರೆಗೂ ಒಂದೇ ಬಿಗಿಯಲ್ಲಿ ಹೋದರೆ ಬೆಡ್ ಚೆನ್ನಾಗಿದೆ. ನಡುವೆ ಸಿಕ್ಕಿಹಾಕಿಕೊಂಡು ನಿಂತರೆ ಚಕ್ ಕಡೆ ಬೆಡ್ ತೆಳುವಾಗಿದೆ.

ಸವೆತ ಕಂಡ ಕೂಡಲೇ ಯಂತ್ರ ಬೇಡ ಅನ್ನಬೇಡಿ. ಇಲ್ಲೊಂದು ಲೆಕ್ಕ ಇದೆ, ಹೊಸಬರಿಗೆ ಇದನ್ನು ಯಾರೂ ಹೇಳುವುದಿಲ್ಲ. ಬೆಡ್ ಸವೆದು ಟೂಲ್ ನೇರ ಕೆಳಕ್ಕೆ 0.1 ಮಿ.ಮೀ. ಇಳಿಯಿತು ಅಂದುಕೊಳ್ಳಿ. 20 ಮಿ.ಮೀ. ವ್ಯಾಸದ ಜಾಬ್‌ನಲ್ಲಿ ಇದರಿಂದ ಆಗುವ ವ್ಯತ್ಯಾಸ ಸುಮಾರು 0.001 ಮಿ.ಮೀ. ಮಾತ್ರ. ಟೂಲ್ ತುದಿ ಜಾಬ್‌ನ ನಡುಮಟ್ಟದಲ್ಲಿ ಇರುವುದರಿಂದ ಅಷ್ಟು ಇಳಿದರೂ ಜಾಬ್‌ನಿಂದ ದೂರ ಹೋಗುವುದು ಕೂದಲೆಳೆಗಿಂತ ಎಷ್ಟೋ ಕಡಿಮೆ. ಆದರೆ ಅದೇ ಟೂಲ್ ಅಡ್ಡಕ್ಕೆ, ಅಂದರೆ ನಿಮ್ಮ ಕಡೆಗೆ, 0.1 ಮಿ.ಮೀ. ಸರಿದರೆ ವ್ಯಾಸದಲ್ಲಿ 0.2 ಮಿ.ಮೀ. ತಪ್ಪು ಬರುತ್ತದೆ. ಚಪ್ಪಟೆ ಬೆಡ್‌ನ ಮೇಲ್ಮೈ ಸವೆದರೆ ಅಷ್ಟು ಹೆದರಬೇಕಿಲ್ಲ. ವಿ ಆಕಾರದ ಬೆಡ್‌ನಲ್ಲಿ ಒಂದು ಇಳಿಜಾರು ಇನ್ನೊಂದಕ್ಕಿಂತ ಜಾಸ್ತಿ ಸವೆದಿದ್ದರೆ ಯೋಚಿಸಬೇಕು.

ನಂತರ ಸ್ಪಿಂಡಲ್, ಅಂದರೆ ಚಕ್ ತಿರುಗಿಸುವ ದಂಡ. ಡಯಲ್ ಗೇಜನ್ನು ಸ್ಪಿಂಡಲ್ ಮೂತಿಯ ಮೇಲೆ ಕೂರಿಸಿ, ಚಕ್ ಕೆಳಗೆ ಮರದ ತುಂಡು ಕೊಟ್ಟು ಮೇಲಕ್ಕೆ ಮೀಟಿ. ಮುಳ್ಳು 0.01–0.02 ಮಿ.ಮೀ. ಆಡಿದರೆ ಸಂತೋಷ. 0.05 ದಾಟಿದರೆ ಬೇರಿಂಗ್ ಸರಿಹೊಂದಿಸಬೇಕು ಅಥವಾ ಬದಲಿಸಬೇಕು. ಸುತ್ತುವಾಗ ಓಲಾಡುತ್ತದೆಯೇ ಅಂತ ನೋಡಲು ಚಕ್ ಮೇಲೆ ಗೇಜ್ ಇಡಬೇಡಿ. ಮೂರು ಜಾ ಚಕ್‌ನಲ್ಲಿ ಹಿಡಿದ ಜಾಬ್ 0.05–0.1 ಮಿ.ಮೀ. ಓಲಾಡುವುದು ಮಾಮೂಲು. ಚಕ್ ತೆಗೆದು ಸ್ಪಿಂಡಲ್ ಒಳಗಿನ ಟೇಪರ್ (ಒಳಕ್ಕೆ ಹೋದಂತೆ ಕಿರಿದಾಗುವ ತೂತು) ಒರೆಸಿ, ಗೇಜ್ ತುದಿಯನ್ನು ಅಲ್ಲಿಡಿ. ಸ್ಪಿಂಡಲ್‌ನ ನಿಜವಾದ ಓಲಾಟ ಅಲ್ಲಿ ಕಾಣುತ್ತದೆ.

ಗೇರ್‌ಗಳ ಪ್ರತಿ ಹಲ್ಲನ್ನೂ ಟಾರ್ಚ್ ಬಿಟ್ಟು ನೋಡಿ, ಕೈಯಲ್ಲೇ ಪೂರ್ತಿ ಒಂದು ಸುತ್ತು ತಿರುಗಿಸಿ. ಬ್ಯಾಕ್ ಗೇರ್‌ನ (ಸ್ಪಿಂಡಲ್ ವೇಗ ಇಳಿಸುವ ಗೇರ್) ಹಲ್ಲುಗಳು ಮುರಿದಿರುವುದು ಬಹಳ ಕಡೆ ಕಾಣುತ್ತದೆ. ಕಾರಣ ಸರಳ. ಚೂಡಿಯಲ್ಲಿ (ಥ್ರೆಡ್) ಕೂರುವ ಚಕ್ ಬಿಗಿದು ಕೂತಾಗ ಹಿಂದಿನವರು ಬ್ಯಾಕ್ ಗೇರ್ ಹಾಕಿ, ಪಿನ್ನನ್ನೂ ಹಾಕಿ ಸ್ಪಿಂಡಲ್ ಲಾಕ್ ಮಾಡಿ ಚಕ್ ಮೀಟಿರುತ್ತಾರೆ. ಆ ಪೆಟ್ಟೆಲ್ಲ ಒಂದೆರಡು ಹಲ್ಲಿನ ಮೇಲೆ ಬೀಳುತ್ತದೆ. ನೀವು ಆ ಕೆಲಸ ಮಾಡಬೇಡಿ.

ಕ್ರಾಸ್ ಸ್ಲೈಡ್ (ಟೂಲನ್ನು ಅಡ್ಡಕ್ಕೆ ಸರಿಸುವ ಭಾಗ) ಹ್ಯಾಂಡಲ್ ಹಿಂದೆ ಮುಂದೆ ಆಡಿಸಿ ಬ್ಯಾಕ್‌ಲ್ಯಾಶ್, ಅಂದರೆ ಹ್ಯಾಂಡಲ್ ತಿರುಗಿದರೂ ಸ್ಲೈಡ್ ಸರಿಯದ ಖಾಲಿ ಆಟ, ನೋಡಿ. 0.2 ಮಿ.ಮೀ. ಇದ್ದರೆ ತಲೆಕೆಡಿಸಿಕೊಳ್ಳಬೇಡಿ. ಯಾವಾಗಲೂ ಒಂದೇ ದಿಕ್ಕಿನಿಂದ ಅಳತೆಗೆ ಬರುವ ಅಭ್ಯಾಸ ಇದ್ದರೆ ಅರ್ಧ ಮಿ.ಮೀ. ಇದ್ದರೂ ಕೆಲಸ ನಡೆಯುತ್ತದೆ. ಆ ಸ್ಕ್ರೂನ ನಟ್ ಬದಲಿಸುವುದು ಕಷ್ಟದ ಕೆಲಸವೂ ಅಲ್ಲ.

ಕೊನೆಗೆ, ಜೊತೆಗೆ ಏನೇನು ಬರುತ್ತದೆ ಅಂತ ಕೇಳಿ. ಚೂಡಿ ಕೊರೆಯಲು ಬದಲಿಸುವ ಚೇಂಜ್ ಗೇರ್ ಸೆಟ್, ನಾಲ್ಕು ಜಾ ಚಕ್, ಫೇಸ್ ಪ್ಲೇಟ್, ಉದ್ದ ಜಾಬ್‌ಗೆ ಆಸರೆ ಕೊಡುವ ಸ್ಟೆಡಿ, ಟೇಲ್‌ಸ್ಟಾಕ್ ಸೆಂಟರ್‌ಗಳು (ಜಾಬ್ ತುದಿ ಹಿಡಿಯುವ ಚೂಪು ಮೊನೆಗಳು). ಆಮೇಲೆ ಇವನ್ನು ಒಂದೊಂದಾಗಿ ಹುಡುಕುವುದು ಲೇತ್ ಹುಡುಕುವುದಕ್ಕಿಂತ ದೊಡ್ಡ ಕೆಲಸ. ಸ್ವಲ್ಪ ಸವೆದಿದ್ದರೂ ಎಲ್ಲ ಸಾಮಾನಿರುವ ಯಂತ್ರ, ಏನೂ ಇಲ್ಲದ ಒಳ್ಳೆಯ ಯಂತ್ರ, ಎರಡೂ ಸಿಕ್ಕಿದರೆ ನಾನು ಮೊದಲನೆಯದನ್ನೇ ಆರಿಸುತ್ತೇನೆ.

ಯಂತ್ರದ ಹೆಸರು, ನಂಬರ್ ಬರೆದುಕೊಳ್ಳಿ. ಸೌತ್ ಬೆಂಡ್ ಕಂಪನಿಯ ಲೇತ್‌ಗಳಲ್ಲಿ ಸೀರಿಯಲ್ ನಂಬರ್ ಬೆಡ್‌ನ ಟೇಲ್‌ಸ್ಟಾಕ್ ತುದಿಯಲ್ಲಿ, ಮೇಲ್ಭಾಗದಲ್ಲೇ ಒತ್ತಿರುತ್ತದೆ. ಮಾಡೆಲ್ ಗೊತ್ತಾದರೆ ಬೇರಿಂಗ್ ಯಾವ ಬಗೆ, ಎಣ್ಣೆ ಯಾವುದು ಅಂತ ಗೊತ್ತಾಗುತ್ತದೆ. ಮೈಫರ್ಡ್ ಕಂಪನಿಯ ಎಂಎಲ್7 ಲೇತ್‌ನ ಸ್ಪಿಂಡಲ್ ವೈಟ್ ಮೆಟಲ್ ಬೇರಿಂಗ್ ಮೇಲೆ ತಿರುಗುತ್ತದೆ. ಅದರ ತಮ್ಮನ ಹಾಗಿರುವ ಸೂಪರ್ 7ಗೆ ಮುಂದೆ ಕಂಚಿನ ಟೇಪರ್ ಬೇರಿಂಗ್. ನೋಡಲು ಹೆಚ್ಚುಕಡಿಮೆ ಒಂದೇ ಥರ, ಸರಿಹೊಂದಿಸುವ ರೀತಿ ಬೇರೆ. ಅಟ್ಲಾಸ್ ಲೇತ್‌ಗಳ ಬಹಳಷ್ಟು ಗೇರ್‌ಗಳು ಸತುವಿನ ಮಿಶ್ರಲೋಹ, ಉಕ್ಕಲ್ಲ. ಇದು ಮುಂದೆ ತೊಳೆಯುವಾಗ ಮುಖ್ಯವಾಗುತ್ತದೆ.

ಸಾಗಿಸುವುದು

ಲೇತ್‌ನ ಭಾರವೆಲ್ಲ ಸ್ಪಿಂಡಲ್ ಇರುವ ಹೆಡ್‌ಸ್ಟಾಕ್ ಕಡೆಗೇ ಇರುತ್ತದೆ. ಮೇಲ್ಭಾಗ ಭಾರ, ಬುಡ ಕಿರಿದು, ಹಾಗಾಗಿ ಬೇಗ ಮಗುಚುತ್ತದೆ. ಎತ್ತುವ ಮೊದಲು ಕ್ಯಾರೇಜ್, ಟೇಲ್‌ಸ್ಟಾಕ್ ಎರಡನ್ನೂ ಬಲತುದಿಗೆ ತಳ್ಳಿ ಲಾಕ್ ಮಾಡಿ, ತೂಕ ಸ್ವಲ್ಪ ಸಮ ಆಗುತ್ತದೆ. ಪಟ್ಟಿಯನ್ನು ಬೆಡ್‌ಗೆ ಸುತ್ತಿ. ಕ್ಯಾರೇಜ್ ಓಡಿಸುವ ಉದ್ದನೆ ಲೀಡ್ ಸ್ಕ್ರೂಗೋ ಫೀಡ್ ರಾಡ್‌ಗೋ ಭಾರ ಬಿದ್ದರೆ ಅದು ಬಾಗುತ್ತದೆ, ಬಾಗಿದ ಲೀಡ್ ಸ್ಕ್ರೂ ನೆಟ್ಟಗೆ ಮಾಡುವುದು ಸುಲಭವಲ್ಲ. ಚಿಕ್ಕ ಲೇತ್ ಆದರೆ ಮೋಟಾರ್, ಚಕ್, ಟೇಲ್‌ಸ್ಟಾಕ್ ಬಿಚ್ಚಿ ಬೇರೆಯಾಗಿ ಒಯ್ಯಿರಿ. ಎತ್ತಿದ ಯಂತ್ರದ ಕೆಳಗೆ ಕೈಕಾಲು ಯಾವತ್ತೂ ಹೋಗಬಾರದು.

ಮೊದಲು ಓಡಿಸಿ, ಬರೆದಿಡಿ

ಮನೆಗೆ ಬಂತು. ಈಗಲೂ ಸ್ಪ್ಯಾನರ್ ಮುಟ್ಟಬೇಡಿ. ವೈರಿಂಗ್ ಹಳೆಯದಾಗಿದ್ದರೆ ಮೊದಲು ಅದನ್ನು ಬದಲಿಸಿ, ಅರ್ತಿಂಗ್ ಗಟ್ಟಿ ಇದೆಯೇ ನೋಡಿ. ವಿದ್ಯುತ್ ಕೆಲಸ ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ. ಮೋಟಾರ್ ಮೂರು ಫೇಸಿನದಾಗಿದ್ದು ನಿಮ್ಮಲ್ಲಿ ಸಿಂಗಲ್ ಫೇಸ್ ಇದ್ದರೆ ವಿಎಫ್‌ಡಿ (ಮೋಟಾರ್ ವೇಗ ಬದಲಿಸುವ ವಿದ್ಯುತ್ ಸಾಧನ) ಹಾಕಿ ಓಡಿಸಬಹುದು. ವೇಗವೂ ಗುಂಡಿ ತಿರುಗಿಸಿದಂತೆ ಬದಲಾಗುತ್ತದೆ. ಆದರೆ ವಿಎಫ್‌ಡಿ ಮತ್ತು ಮೋಟಾರ್ ನಡುವೆ ಹಳೆಯ ಸ್ವಿಚ್ ಬಿಡಬೇಡಿ. ಓಡುತ್ತಿರುವಾಗ ಅದನ್ನು ಆರಿಸಿದರೆ ವಿಎಫ್‌ಡಿ ಸುಟ್ಟುಹೋಗಬಹುದು. ಆನ್, ಆಫ್, ರಿವರ್ಸ್ ಎಲ್ಲ ವಿಎಫ್‌ಡಿಯ ಕಂಟ್ರೋಲ್ ವೈರ್‌ಗಳಿಂದಲೇ ಆಗಲಿ.

ಎಣ್ಣೆ ಬಿಡುವ ಎಲ್ಲ ತೂತುಗಳಿಗೂ ಎಣ್ಣೆ ಬಿಟ್ಟು, ಸ್ಪಿಂಡಲ್ ಕೈಯಲ್ಲಿ ಹತ್ತು ಸುತ್ತು ತಿರುಗಿಸಿ, ಅತಿ ನಿಧಾನದ ವೇಗದಲ್ಲಿ ಓಡಿಸಿ. ಚಕ್ ಚೂಡಿಯಲ್ಲಿ ಕೂರುವ ಬಗೆಯಾದರೆ ರಿವರ್ಸ್ ಓಡಿಸಬೇಡಿ, ಚಕ್ ಬಿಚ್ಚಿಕೊಂಡು ಬರಬಹುದು. ಅರ್ಧ ಗಂಟೆ ಆದಮೇಲೆ ಹೆಡ್‌ಸ್ಟಾಕ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲು ಆಗದಷ್ಟು ಬಿಸಿ ಆದರೆ ಬೇರಿಂಗ್ ತೀರಾ ಬಿಗಿ ಇದೆ ಅಥವಾ ಎಣ್ಣೆ ತಲುಪುತ್ತಿಲ್ಲ.

ಚಕ್‌ನಲ್ಲಿ ಒಂದು ಸರಳು ಹಿಡಿದು ಒಂದು ಕಟ್ ತೆಗೆಯಿರಿ. ಸರಳು ಎರಡು ತುದಿಯಲ್ಲಿ ಎಷ್ಟೆಷ್ಟು ಬಂತು, ಸ್ಪಿಂಡಲ್ ಎಷ್ಟು ಆಡಿತು, ಬ್ಯಾಕ್‌ಲ್ಯಾಶ್ ಎಷ್ಟು, ಯಾವ ವೇಗದಲ್ಲಿ ಯಾವ ಸದ್ದು ಬಂತು, ಎಲ್ಲ ನೋಟ್‌ಬುಕ್‌ನ ಎಡಪುಟದಲ್ಲಿ ಬರೆಯಿರಿ. ಬಲಪುಟ ಖಾಲಿ ಬಿಡಿ.

ಈ ಹಂತದಿಂದ ಮುಂದೆ ಕೆಲವು ನಿಯಮ ಬಿಡುವಂತಿಲ್ಲ. ಕೈಗವಸು ಹಾಕಿಕೊಂಡು ಲೇತ್ ಓಡಿಸಬೇಡಿ. ಉಂಗುರ, ವಾಚು ತೆಗೆದಿಡಿ, ತೋಳು ಮೇಲಕ್ಕೆ ಮಡಚಿ, ಕೂದಲು ಉದ್ದವಿದ್ದರೆ ಬಿಗಿಯಾಗಿ ಕಟ್ಟಿ, ಕನ್ನಡಕ ಹಾಕಿ. ಚಕ್ ಕೀ ಕೈಯಲ್ಲಿರಬೇಕು ಅಥವಾ ಅದರ ಜಾಗದಲ್ಲಿರಬೇಕು, ಚಕ್‌ನಲ್ಲಿ ಮಾತ್ರ ಬಿಟ್ಟುಬರಬಾರದು.

ಬಿಚ್ಚುವುದು

ಮೇನ್ ಸ್ವಿಚ್ ಆರಿಸಿ, ಪ್ಲಗ್ ಕಿತ್ತಿಡಿ. ಟೂಲ್ ಪೋಸ್ಟ್, ಕಾಂಪೌಂಡ್ (ಅದರ ಕೆಳಗಿನ ಚಿಕ್ಕ ಸ್ಲೈಡ್), ಕ್ರಾಸ್ ಸ್ಲೈಡ್, ಟೇಲ್‌ಸ್ಟಾಕ್, ಲೀಡ್ ಸ್ಕ್ರೂ, ಏಪ್ರನ್ (ಸ್ಯಾಡಲ್ ಮುಂದೆ ತೂಗುವ ಪೆಟ್ಟಿಗೆ), ಕೊನೆಗೆ ಸ್ಯಾಡಲ್. ಹೆಚ್ಚಿನ ಲೇತ್‌ಗಳಿಗೆ ಈ ಸಾಲು ಹೊಂದುತ್ತದೆ. ಪ್ರತಿ ಭಾಗ ತೆಗೆಯುವ ಮೊದಲು ಒಂದು ಫೋಟೋ, ತೆಗೆದ ಮೇಲೆ ಒಂದು. ಒಂದು ಭಾಗದ ಸ್ಕ್ರೂಗಳು ಒಂದೇ ಡಬ್ಬಿಗೆ, ಡಬ್ಬಿ ಮೇಲೆ ಹೆಸರು. ಒಂದು ದಿನ ಒಂದೇ ಜೋಡಣೆ ಬಿಚ್ಚಿ, ತೊಳೆದು, ಮತ್ತೆ ಸೇರಿಸಿಟ್ಟರೆ ಇನ್ನೂ ಒಳ್ಳೆಯದು. ಇಡೀ ಯಂತ್ರ ಡಬ್ಬಿಗಳಲ್ಲಿ ಕೂತರೆ ಅರ್ಧ ವರ್ಷ ಹಾಗೇ ಕೂರುವ ಅಪಾಯ ಇದೆ.

ತೆಳುವಾದ ತಗಡಿನ ಶಿಮ್ (ಸಂದಿ ತುಂಬಲು ಇಡುವ ತುಂಡು) ಎಲ್ಲಾದರೂ ಸಿಕ್ಕರೆ ಎಸೆಯಬೇಡಿ. ಕಸದ ಹಾಗೆ ಕಂಡರೂ ಅದು ಅಳತೆ. ಯಾವ ಬೋಲ್ಟ್ ಕೆಳಗೆ, ಯಾವ ಕಡೆ ಇತ್ತು ಅಂತ ಬರೆದು ಅಲ್ಲೇ ಕಟ್ಟಿಡಿ. ಜಿಬ್ ಅಂದರೆ ಸ್ಲೈಡ್‌ನ ಸಂದಿಯಲ್ಲಿ ಕೂತಿರುವ ಉದ್ದನೆ ಪಟ್ಟಿ. ಕೆಲವು ಒಂದೇ ದಪ್ಪ ಇರುತ್ತವೆ, ಕೆಲವು ಒಂದು ತುದಿ ದಪ್ಪ, ಒಂದು ತುದಿ ತೆಳು. ಯಾವ ತುದಿ ಎತ್ತ ಕಡೆ, ಯಾವ ಮುಖ ಮೇಲೆ ಅಂತ ಮಾರ್ಕರ್‌ನಲ್ಲಿ ಗುರುತು ಹಾಕಿ. ಕ್ರಾಸ್ ಸ್ಲೈಡ್ ಸ್ಕ್ರೂ ಸಾಮಾನ್ಯವಾಗಿ ಎಡಚೂಡಿ. ನಟ್‌ನಿಂದ ಬಿಡಿಸುವಾಗ ತಿರುವು ಉಲ್ಟಾ, ಬಲ ಹಾಕಬೇಡಿ. ಏಪ್ರನ್ ಬಿಚ್ಚುವ ಮೊದಲು ಕೆಳಗೆ ಮರದ ದಿಮ್ಮಿ ಕೊಡಿ. ಕೊನೆಯ ಬೋಲ್ಟ್ ಬಿಟ್ಟ ಕೂಡಲೇ ಅದರ ಭಾರ ಪೂರ್ತಿ ಕೈಮೇಲೆ ಬರುತ್ತದೆ.

ಟೇಪರ್ ಪಿನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಲೀಡ್ ಸ್ಕ್ರೂ ತುದಿಯ ಕಾಲರ್‌ನಲ್ಲಿ, ಹ್ಯಾಂಡಲ್‌ಗಳಲ್ಲಿ ಈ ಪಿನ್‌ಗಳು ಇರುತ್ತವೆ. ಒಂದು ತುದಿ ದಪ್ಪ, ಇನ್ನೊಂದು ಸಣ್ಣ. ಸಣ್ಣ ತುದಿಯಿಂದ ಹೊಡೆದರೆ ಮಾತ್ರ ಹೊರಬರುತ್ತದೆ. ನಾನು ಒಂದು ಪಿನ್ನನ್ನು ದಪ್ಪ ತುದಿಯಿಂದ ಹೊಡೆದೆ. ಅಲ್ಲಾಡದಿದ್ದಾಗ ಇನ್ನೂ ಜೋರಾಗಿ ಹೊಡೆದೆ. ಪ್ರತಿ ಏಟಿಗೂ ಅದು ಇನ್ನಷ್ಟು ಬಿಗಿಯಾಗಿ, ತಲೆ ಅಣಬೆಯ ಹಾಗೆ ಹರಡಿಕೊಂಡಿತು. ಕೊನೆಗೆ ಡ್ರಿಲ್ ಹಾಕಿ ತೆಗೆಯಬೇಕಾಯಿತು. ಈಗ ನಾನು ಎರಡೂ ತುದಿ ತಿಕ್ಕಿ ಹೊಳೆಯುವಂತೆ ಮಾಡಿ, ವರ್ನಿಯರ್ ಇಟ್ಟು ಅಳೆದು, ಸಣ್ಣ ತುದಿಗೆ ಚುಕ್ಕೆ ಇಟ್ಟ ಮೇಲೆಯೇ ಸುತ್ತಿಗೆ ಎತ್ತುತ್ತೇನೆ. ಎರಡು ತುದಿಗೆ ವ್ಯತ್ಯಾಸ ಬಹಳ ಕಡಿಮೆ, ಬರೀ ಕಣ್ಣಿಗೆ ಮೋಸ ಆಗುತ್ತದೆ.

ಕೊಳೆ, ತುಕ್ಕು

ಸ್ಯಾಡಲ್‌ನ ನಾಲ್ಕು ಮೂಲೆಯಲ್ಲಿ ಸಣ್ಣ ತಗಡಿನ ಹಿಂದೆ ಉಣ್ಣೆಯ ಫೆಲ್ಟ್ ಇರುತ್ತದೆ. ಬೆಡ್ ಒರೆಸುತ್ತಾ ಹೋಗುವುದು ಅದರ ಕೆಲಸ. ಹಳೆಯ ಯಂತ್ರದಲ್ಲಿ ಅದನ್ನು ತೆಗೆದರೆ ಫೆಲ್ಟ್ ಅಂತ ಗುರುತೇ ಸಿಗುವುದಿಲ್ಲ. ಕಪ್ಪು ಜೇಡಿಮಣ್ಣಿನ ಗಟ್ಟಿ ತುಂಡಿನ ಹಾಗಿರುತ್ತದೆ. ನಾನು ಒಂದನ್ನು ಮುರಿದು ಬೆರಳಿನಲ್ಲಿ ಉಜ್ಜಿ ನೋಡಿದೆ. ಚರಚರ ಅಂತ ಮರಳಿನ ಹಾಗೆ ಕೈಗೆ ತಗುಲಿತು. ಅದೆಲ್ಲ ಕಬ್ಬಿಣದ ಪುಡಿ. ಎಷ್ಟೋ ವರ್ಷ ಈ ಪುಡಿ ಬೆಡ್ ಮೇಲೆ ಉಜ್ಜಿಕೊಂಡೇ ಓಡಾಡಿದೆ. ಬೇರೆ ಏನನ್ನೂ ಬದಲಿಸದಿದ್ದರೂ ಈ ನಾಲ್ಕು ಫೆಲ್ಟ್ ತುಂಡು ಬದಲಿಸಿ, ಹೊಸದನ್ನು ಎಣ್ಣೆಯಲ್ಲಿ ನೆನೆಸಿ ಹಾಕಿ. ಇಡೀ ರಿಪೇರಿಯಲ್ಲಿ ಇದಕ್ಕಿಂತ ಕಡಿಮೆ ಶ್ರಮಕ್ಕೆ ಇದಕ್ಕಿಂತ ಹೆಚ್ಚು ಲಾಭ ಕೊಡುವ ಕೆಲಸ ನನಗೆ ಕಂಡಿಲ್ಲ.

ತೊಳೆಯಲು ಸೀಮೆಎಣ್ಣೆ, ಬ್ರಷ್ ಸಾಕು. ಗಾಳಿ ಓಡಾಡುವ ಜಾಗದಲ್ಲಿ, ಬೆಂಕಿಯಿಂದ ದೂರ ಇಟ್ಟುಕೊಳ್ಳಿ. ಕಂಪ್ರೆಸರ್ ಗಾಳಿ ಹೊಡೆಯಬೇಡಿ. ಪುಡಿ ಹೊರಗೆ ಹಾರುವ ಬದಲು ಬೇರಿಂಗ್ ಒಳಗೆ, ಸ್ಲೈಡ್ ಸಂದಿಗೆ ಹೋಗಿ ಕೂರುತ್ತದೆ. ಎಣ್ಣೆ ತೂತುಗಳಿಗೆ ತೆಳು ತಂತಿ ತೂರಿಸಿ, ಇನ್ನೊಂದು ತುದಿಯಲ್ಲಿ ಸೀಮೆಎಣ್ಣೆ ಹೊರಬರುವವರೆಗೂ ತೊಳೆಯಿರಿ. ಒಣಗಿದ ಗ್ರೀಸ್ ಅಲ್ಲಿ ಮೇಣದ ಹಾಗೆ ಕಟ್ಟಿರುತ್ತದೆ. ಕಾಸ್ಟಿಕ್ ಸೋಡಾ ಬಳಸುವವರಿದ್ದಾರೆ. ಸತುವಿನ ಗೇರ್, ಅಲ್ಯೂಮಿನಿಯಂ ಭಾಗ ಎರಡನ್ನೂ ಅದು ತಿಂದುಹಾಕುತ್ತದೆ, ನನ್ನ ಮಟ್ಟಿಗೆ ಬೇಡ.

ತುಕ್ಕು ಹಿಡಿದ ಚಿಕ್ಕ ಉಕ್ಕಿನ, ಎರಕದ ಭಾಗಗಳಿಗೆ ಎಲೆಕ್ಟ್ರೊಲಿಸಿಸ್, ಅಂದರೆ ನೀರಿನಲ್ಲಿ ವಿದ್ಯುತ್ ಹರಿಸಿ ತುಕ್ಕು ಬಿಡಿಸುವುದು, ಚೆನ್ನಾಗಿ ಕೆಲಸ ಮಾಡುತ್ತದೆ. ಪ್ಲಾಸ್ಟಿಕ್ ಟಬ್‌ನಲ್ಲಿ ನೀರು, ಲೀಟರಿಗೆ ಒಂದು ಚಮಚದ ಲೆಕ್ಕದಲ್ಲಿ ವಾಷಿಂಗ್ ಸೋಡಾ. 12 ವೋಲ್ಟ್ ಡಿಸಿ ಚಾರ್ಜರ್‌ನ ಮೈನಸ್ ತಂತಿ ತುಕ್ಕಿನ ಭಾಗಕ್ಕೆ, ಪ್ಲಸ್ ತಂತಿ ಹಳೆಯ ಕಬ್ಬಿಣದ ತಗಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ತಗಡಿನ ಜಾಗದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಯಾವ ಕಾರಣಕ್ಕೂ ಬೇಡ, ವಿಷವಾದ ಕ್ರೋಮಿಯಂ ನೀರಿಗೆ ಬರುತ್ತದೆ. ಗುಳ್ಳೆಗಳಲ್ಲಿ ಹೈಡ್ರೋಜನ್ ಇರುವುದರಿಂದ ಬಯಲಲ್ಲೇ ಇಡಿ, ತಂತಿ ತೆಗೆಯುವ ಮೊದಲು ಚಾರ್ಜರ್ ಆರಿಸಿ. ಸ್ಪ್ರಿಂಗ್‌ಗಳನ್ನು ಇದರಲ್ಲಿ ಹಾಕಬೇಡಿ, ಹೈಡ್ರೋಜನ್ ಹೀರಿ ಅವು ಪಟ್ಟನೆ ಮುರಿಯುವಂತಾಗುತ್ತವೆ. ಸತು, ಅಲ್ಯೂಮಿನಿಯಂ ಕೂಡ ಇದಕ್ಕೆ ಆಗುವುದಿಲ್ಲ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ತೆಗೆದು, ತೊಳೆದು, ಒಣಗಿಸಿ, ತಕ್ಷಣ ಎಣ್ಣೆ ಹಚ್ಚಿ. ಹತ್ತು ನಿಮಿಷ ತಡ ಆದರೂ ಕಂದು ಬಣ್ಣ ಮತ್ತೆ ಕಾಣಿಸಿಕೊಳ್ಳುತ್ತದೆ.

ಬೆಡ್ ವಿಷಯ ಬೇರೆ. ಉಪ್ಪುಕಾಗದ, ಗ್ರೈಂಡರ್, ತಂತಿ ಬ್ರಷ್ ಹಾಕಿದ ಡ್ರಿಲ್, ಯಾವುದೂ ಬೆಡ್ ಹತ್ತಿರ ಬರಬಾರದು. ಮೇಲಿನ ತುಕ್ಕಿಗೆ ಎಣ್ಣೆ ಹಚ್ಚಿ ಒಂದು ದಿನ ಬಿಟ್ಟು, ಬ್ಲೇಡನ್ನು ಮಲಗಿಸಿ ಹೆರೆಯಿರಿ. ಉಳಿದದ್ದಕ್ಕೆ ನಯವಾದ ಸ್ಟೀಲ್ ವೂಲ್ ಮತ್ತು ಎಣ್ಣೆ, ಹಗುರ ಕೈಯಲ್ಲಿ. ಕಪ್ಪು ಕಲೆ ಉಳಿದರೆ ಉಳಿಯಲಿ, ಅದರಿಂದ ಅಳತೆ ಕೆಡುವುದಿಲ್ಲ. ಚಕ್ ಬಿದ್ದೋ, ಸ್ಪ್ಯಾನರ್ ಬಿದ್ದೋ ಆದ ಗಾಯಗಳಲ್ಲಿ ಗುಂಡಿ ತೊಂದರೆ ಕೊಡುವುದಿಲ್ಲ, ಗುಂಡಿಯ ಅಂಚಿನಲ್ಲಿ ಎದ್ದ ಉಬ್ಬು ತೊಂದರೆ ಕೊಡುತ್ತದೆ. ನಯವಾದ ಸಾಣೆಕಲ್ಲನ್ನು ಎಣ್ಣೆ ಹಾಕಿ ಚಪ್ಪಟೆಯಾಗಿ ಇಟ್ಟು ಉಜ್ಜಿ. ಕಲ್ಲು ತಡೆಯಿಲ್ಲದೆ ಜಾರಿದ ಕೂಡಲೇ ನಿಲ್ಲಿಸಿ. ಬೆಡ್ ಮೇಲೆ, ಸ್ಲೈಡ್‌ಗಳ ಮೇಲೆ ಅರ್ಧಚಂದ್ರದ ಹಾಗೆ ಸಾಲಾಗಿ ಗುರುತುಗಳು ಕಂಡರೆ ಅಳಿಸಬೇಡಿ. ಅವು ಕೈಯಿಂದ ಹೆರೆದು ಮಾಡಿದವು, ಎಣ್ಣೆ ಹಿಡಿದಿಡಲು ಇರುವವು. ಬೆಡ್ಡನ್ನು ಹೊಸದಾಗಿ ಸ್ಕ್ರೇಪಿಂಗ್ (ಕೈಯಿಂದ ಹೆರೆದು ಸಮ ಮಾಡುವುದು) ಮಾಡುವ ಆಸೆ ಮಾತ್ರ ಮೊದಲ ಯಂತ್ರದ ಮೇಲೆ ತೀರಿಸಿಕೊಳ್ಳಬೇಡಿ.

ಹೆಡ್‌ಸ್ಟಾಕ್: ಮುಟ್ಟಬೇಕೋ ಬೇಡವೋ

ಎಡಪುಟದ ಅಂಕಿ ನೋಡಿ. ಸ್ಪಿಂಡಲ್ ಆಟ 0.02 ಒಳಗಿದ್ದು, ಸದ್ದಿಲ್ಲದೆ ಓಡಿ, ಬೆಚ್ಚಗಷ್ಟೇ ಆಗಿದ್ದರೆ ಸ್ಪಿಂಡಲ್ ಹೊರತೆಗೆಯಬೇಡಿ. ಹಳೆ ಎಣ್ಣೆ ಬಸಿದು, ತೊಳೆದು, ಹೊಸ ಎಣ್ಣೆ ಹಾಕಿ ಮುಚ್ಚಿಬಿಡಿ. ಆಟ ಜಾಸ್ತಿ ಇದ್ದರೆ ಮೊದಲು ಸರಿಹೊಂದಿಸಿ ನೋಡಿ. ಶಿಮ್ ಇರುವ ಬೇರಿಂಗ್‌ನಲ್ಲಿ ಎರಡೂ ಬದಿಯಿಂದ ಸಮನಾಗಿ ತೆಳುವಾದ ಒಂದು ಪದರ ತೆಗೆಯುತ್ತಾರೆ. ರೋಲರ್ ಬೇರಿಂಗ್‌ನಲ್ಲಿ ಹಿಂದಿನ ನಟ್ಟನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಪ್ರತಿ ಸಲ ಓಡಿಸಿ ಕೈಯಿಟ್ಟು ನೋಡಬೇಕು.

ಎಣ್ಣೆ ಯಾವುದು ಅಂತ ಯಂತ್ರದ ಪಟ್ಟಿಯಲ್ಲಿ ಇದ್ದರೆ ಅದನ್ನೇ ಹಾಕಿ. ವಾಹನದ ಎಂಜಿನ್ ಆಯಿಲ್‌ನಲ್ಲಿ ಕೊಳೆಯನ್ನು ತೇಲಿಸಿಡುವ ರಾಸಾಯನಿಕ ಇರುತ್ತದೆ. ಎಂಜಿನ್‌ಗೆ ಫಿಲ್ಟರ್ ಇದೆ, ಆ ಕೊಳೆ ಅಲ್ಲಿ ನಿಲ್ಲುತ್ತದೆ. ನಿಮ್ಮ ಹೆಡ್‌ಸ್ಟಾಕ್‌ಗೆ ಫಿಲ್ಟರ್ ಇಲ್ಲ, ಅಲ್ವಾ? ಕೊಳೆ ತಳಕ್ಕೆ ಇಳಿಯದೆ ಬೇರಿಂಗ್ ಸುತ್ತಲೇ ತಿರುಗುತ್ತದೆ. ಬೆಡ್ ಮತ್ತು ಸ್ಲೈಡ್‌ಗಳಿಗೆ ಐಎಸ್ಒ ವಿಜಿ 68 ಸ್ಲೈಡ್‌ವೇ ಆಯಿಲ್ ಸರಿ. ಗ್ರೀಸ್ ಹಚ್ಚಿದರೆ ಚೂರು ಅಂಟಿ ಉಪ್ಪುಕಾಗದದ ಹಾಗೆ ಕೆಲಸ ಮಾಡುತ್ತದೆ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಡೆಯಲೇಬೇಕು ಅಂತೇನಿಲ್ಲ. ಹಳೆಯ ಯಂತ್ರಗಳ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದಾಗ ಉಜ್ಜಿ ಪುಡಿ ಮಾಡಬೇಡಿ. ಪೇಂಟ್ ರಿಮೂವರ್ ಹಚ್ಚಿ ಹಸಿಯಾಗಿ ಹೆರೆದು ತೆಗೆಯಿರಿ. ಭಾಗಗಳು ಒಂದರ ಮೇಲೊಂದು ಕೂರುವ ಜಾಗಕ್ಕೆ ಬಣ್ಣ ಹೋಗಬಾರದು.

ಜೋಡಿಸುವುದು

ಬಿಚ್ಚಿದ ಸಾಲನ್ನೇ ಉಲ್ಟಾ ಹಿಡಿಯಿರಿ. ಪ್ರತಿ ಮುಖವನ್ನೂ ಕೂರಿಸುವ ಮೊದಲು ಬರಿಗೈ ಆಡಿಸಿ ನೋಡಿ. ಬಟ್ಟೆಗೆ ಕಾಣದ ಚೂರು ಅಂಗೈಗೆ ಸಿಗುತ್ತದೆ.

ಜಿಬ್ ಬಿಗಿ ಮಾಡುವಾಗ ಒಂದು ತುದಿಯಿಂದ ಇನ್ನೊಂದು ತುದಿಗೆ ಸ್ಕ್ರೂಗಳನ್ನು ಕಾಲು ಸುತ್ತಿನಂತೆ ತಿರುಗಿಸಿ. ಹ್ಯಾಂಡಲ್ ತಿರುಗಿಸಿದಾಗ ಬೆಣ್ಣೆಯಲ್ಲಿ ಚಾಕು ಓಡಿಸಿದ ಹಾಗೆ ಸಣ್ಣ ತಡೆಯೊಂದಿಗೆ ಓಡಬೇಕು; ಸ್ಲೈಡನ್ನು ಕೈಯಲ್ಲಿ ಅಲ್ಲಾಡಿಸಿದರೆ ಅಲ್ಲಾಡಬಾರದು. ಮಧ್ಯದಲ್ಲಿ ಸಡಿಲ, ತುದಿಯಲ್ಲಿ ಬಿಗಿ ಅನ್ನಿಸಿದರೆ ಸವೆತ ಮಧ್ಯದಲ್ಲಿದೆ. ಆಗ ಬಿಗಿಯಾದ ಕಡೆ ಓಡುವಷ್ಟು ಸಡಿಲ ಬಿಡಬೇಕಾಗುತ್ತದೆ.

ಚೇಂಜ್ ಗೇರ್ ಕೂರಿಸುವಾಗ ಎರಡು ಹಲ್ಲಿನ ನಡುವೆ ಒಂದು ಕಾಗದದ ಪಟ್ಟಿ ಇಟ್ಟು ಒತ್ತಿ, ಬೋಲ್ಟ್ ಬಿಗಿ ಮಾಡಿ, ಗೇರ್ ತಿರುಗಿಸಿ ಕಾಗದ ತೆಗೆಯಿರಿ. ಆ ಸಂದು ಸರಿಯಾದ ಸಂದು. ಕಿರುಚುವ ಗೇರ್‌ಗಳು ಅರ್ಧಕ್ಕರ್ಧ ಇದರಿಂದಲೇ ಸುಮ್ಮನಾಗುತ್ತವೆ. ಇಂಗ್ಲೆಂಡಿನ ಯಂತ್ರ ತಯಾರಕ ಹೆನ್ರಿ ಮಾಡ್‌ಸ್ಲೇ 1800ರ ಸುಮಾರಿಗೆ ಕಟ್ಟಿದ ಲೇತ್‌ನಲ್ಲೂ ಲೀಡ್ ಸ್ಕ್ರೂ, ಚೇಂಜ್ ಗೇರ್, ಟೂಲ್ ಹಿಡಿಯುವ ಸ್ಲೈಡ್ ಇದ್ದವು. ಮೂಲ ರಚನೆ ಇಷ್ಟು ಕಾಲ ಬದಲಾಗಿಲ್ಲ. ಅರವತ್ತು ವರ್ಷದ ಯಂತ್ರ ಇವತ್ತೂ ಚೂಡಿ ಕೊರೆಯುತ್ತದೆ ಅಂದರೆ ಅದಕ್ಕೇ.

ಸೊಟ್ಟ ತೆಗೆಯುವುದು

ನನ್ನ ಮೊದಲ ಲೇತ್‌ನ ತಪ್ಪು ಇಲ್ಲೇ ಇತ್ತು. ಬೆಡ್ ಎರಕದ ಕಬ್ಬಿಣದ್ದು, ಕಲ್ಲಿನ ಹಾಗೆ ಗಟ್ಟಿ ಅಂದುಕೊಳ್ಳುತ್ತೇವೆ. ಆದರೆ ನಾಲ್ಕು ಕಾಲಿನಲ್ಲಿ ಒಂದು ಎತ್ತರ ಇದ್ದು ಬೋಲ್ಟ್ ಬಿಗಿ ಮಾಡಿದರೆ ಬೆಡ್ ಹಸಿಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಜಾಬ್‌ನಲ್ಲಿ ಕಾಣುತ್ತದೆ.

ಮೀಟರಿಗೆ 0.02 ಮಿ.ಮೀ. ತೋರಿಸುವ ಮೆಷಿನ್ ಲೆವೆಲ್ ಸಿಕ್ಕರೆ ಅದನ್ನು ಬೆಡ್‌ಗೆ ಅಡ್ಡಲಾಗಿ ಹೆಡ್‌ಸ್ಟಾಕ್ ಕಡೆ ಒಮ್ಮೆ, ಟೇಲ್‌ಸ್ಟಾಕ್ ಕಡೆ ಒಮ್ಮೆ ಇಡಿ. ಗುಳ್ಳೆ ನಡುವಿನಲ್ಲೇ ಇರಬೇಕೆಂದಿಲ್ಲ. ಎರಡೂ ಕಡೆ ಒಂದೇ ಜಾಗದಲ್ಲಿ ನಿಂತರೆ ತಿರುಚು ಇಲ್ಲ. ಲೆವೆಲ್ ಇಲ್ಲದಿದ್ದರೂ ಚಿಂತೆಯಿಲ್ಲ, ಕೊನೆಯ ತೀರ್ಪು ಹೇಗೂ ಜಾಬ್‌ನದೇ.

30 ಮಿ.ಮೀ. ದಪ್ಪದ ಸರಳನ್ನು ಚಕ್‌ನಲ್ಲಿ ಹಿಡಿದು 150 ಮಿ.ಮೀ. ಹೊರಗೆ ಬಿಡಿ. ಟೇಲ್‌ಸ್ಟಾಕ್ ಆಸರೆ ಬೇಡ. ನಡುಭಾಗ ಸ್ವಲ್ಪ ಸಣ್ಣ ಮಾಡಿ, ಚಕ್ ಹತ್ತಿರ ಒಂದು, ಹೊರತುದಿಯಲ್ಲಿ ಒಂದು ಬಳೆ ಉಳಿಸಿ. ಚೂಪಾದ ಟೂಲ್, 0.1 ಮಿ.ಮೀ.ಗಿಂತ ಕಡಿಮೆ ಕಟ್. ಕ್ರಾಸ್ ಸ್ಲೈಡ್ ಅಲ್ಲಾಡಿಸದೆ ಎರಡೂ ಬಳೆ ಒಂದೇ ಸೆಟ್ಟಿಂಗ್‌ನಲ್ಲಿ ಕೊರೆದು, ಮೈಕ್ರೋಮೀಟರ್‌ನಲ್ಲಿ ಅಳೆಯಿರಿ.

ಹೊರತುದಿ ದಪ್ಪ ಬಂದರೆ ಅಲ್ಲಿ ಟೂಲ್ ನಿಮ್ಮ ಕಡೆಗೆ ವಾಲಿದೆ. ಟೇಲ್‌ಸ್ಟಾಕ್ ತುದಿಯ ಮುಂದಿನ ಕಾಲಿನ ಕೆಳಗೆ, ಅಂದರೆ ನೀವು ನಿಲ್ಲುವ ಬದಿಯ ಕಾಲಿಗೆ, ತೆಳು ಶಿಮ್ ಕೊಡಿ. ಬೆಡ್ ಹಿಂದಕ್ಕೆ ವಾಲಿ ಟೂಲ್ ಜಾಬ್ ಹತ್ತಿರ ಹೋಗುತ್ತದೆ. ಹೊರತುದಿ ಸಣ್ಣ ಬಂದರೆ ಹಿಂದಿನ ಕಾಲಿಗೆ ಕೊಡಿ. ಬೋಲ್ಟ್ ಬಿಗಿ ಮಾಡಿ, ಮತ್ತೆ ಕೊರೆದು ಅಳೆಯಿರಿ. ನನಗೆ ಏಳು ಸಲ ಬೇಕಾಯಿತು. ಕೊನೆಯ ಸಲ ಹಾಕಿದ್ದು ತಂಪು ಪಾನೀಯದ ಕ್ಯಾನ್‌ನಿಂದ ಕತ್ತರಿಸಿದ ತಗಡು, ಸುಮಾರು 0.1 ಮಿ.ಮೀ. ದಪ್ಪದ್ದು. ಎರಡು ಬಳೆಯ ವ್ಯತ್ಯಾಸ 0.01 ಮಿ.ಮೀ.ಗೆ ಇಳಿಯಿತು. ಹವ್ಯಾಸದ ಕೆಲಸಕ್ಕೆ ಅಷ್ಟು ಬಂದರೆ ನಿಲ್ಲಿಸಿ. ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡಿ, ಸ್ಟ್ಯಾಂಡ್ ಸ್ವಲ್ಪ ಕೂರುತ್ತದೆ.

ಇದಾದ ಮೇಲೆಯೇ ಟೇಲ್‌ಸ್ಟಾಕ್. ಉದ್ದ ಸರಳನ್ನು ಎರಡು ಸೆಂಟರ್ ನಡುವೆ ಹಿಡಿದು ಅದೇ ಎರಡು ಬಳೆ ಪರೀಕ್ಷೆ ಮಾಡಿ. ಟೇಲ್‌ಸ್ಟಾಕ್ ಕಡೆ ದಪ್ಪ ಬಂದರೆ, ಟೇಲ್‌ಸ್ಟಾಕ್‌ನ ಪಕ್ಕದ ಸ್ಕ್ರೂಗಳಿಂದ ಅದನ್ನು ನಿಮ್ಮ ಕಡೆಗೆ ಸರಿಸಿ, ವ್ಯತ್ಯಾಸದ ಅರ್ಧದಷ್ಟು. ಡಯಲ್ ಗೇಜನ್ನು ಟೇಲ್‌ಸ್ಟಾಕ್‌ಗೆ ತಾಗಿಸಿ ಇಟ್ಟುಕೊಂಡರೆ ಎಷ್ಟು ಸರಿಯಿತು ಅಂತ ಕಣ್ಣೆದುರೇ ಕಾಣುತ್ತದೆ.

ಈಗ ನೋಟ್‌ಬುಕ್ ತೆಗೆಯಿರಿ. ಎಡಪುಟದಲ್ಲಿದ್ದ ಪ್ರತಿ ಪರೀಕ್ಷೆಯನ್ನೂ ಮತ್ತೆ ಮಾಡಿ, ಬಲಪುಟದಲ್ಲಿ ಇವತ್ತಿನ ಅಂಕಿ ಬರೆಯಿರಿ. ಯಾವ ಸಾಲು ಸುಧಾರಿಸಿಲ್ಲವೋ ಅಲ್ಲಿಗೊಂದು ಗುರುತು ಹಾಕಿ, ಮುಂದಿನ ವಾರದ ಕೆಲಸ ಅದು. ಉಳಿದ ಸಮಯದಲ್ಲಿ ಆ ಎರಡು ಬಳೆಯ ಸರಳನ್ನು ಎಸೆಯದೆ ಎಣ್ಣೆ ಹಚ್ಚಿ, ದಿನಾಂಕ ಬರೆದು ಲೇತ್ ಹತ್ತಿರವೇ ಇಡಿ. ಯಂತ್ರದ ಜಾಗ ಬದಲಿಸಿದಾಗ ಇನ್ನೊಂದು ತೆಳು ಕಟ್‌ಗೆ ಅದೇ ಬೇಕಾಗುತ್ತದೆ.